ಹಡಗಿನಲ್ಲಿ ಬಂದ ಪುಸ್ತಕ

ಆ ಕಾಲದಲ್ಲಿ ನನ್ನ ಬಲಭುಜ ಒಂದು ಕಡೆಗೆ ವಾಲಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ವಾಲದೆ ಏನು ಮಾಡೀತು? ಐವತ್ತರ ದಶಕದ ಕೊನೆಯ ಎರಡು ಮೂರು ವರ್ಷ ನಾನು ಹುಣಸೂರಿನಿಂದ ಸುತ್ತಲ ತಾಲ್ಲೂಕುಗಳಿಗೆ ಪುಸ್ತಕದ ಕಟ್ಟು ಹೊತ್ತವನು. ಹುಣಸೂರಿನಲ್ಲಿ ನಮ್ಮದೊಂದು ಸಣ್ಣ ವಾಚನಾಲಯದ ಸಂಘವಿತ್ತು. ವರ್ತಕರೊಬ್ಬರು ತಮ್ಮ ಅಂಗಡಿಯ ಮೇಲಿನ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ನಾನು ಕಾರ್ಯದರ್ಶಿ, ಅಂದರೆ ಕಸ ಗುಡಿಸುವವನೂ ನಾನೇ, ಕಾಗದ ಬರೆಯುವವನೂ ನಾನೇ. ನಮ್ಮಂಥ ದೇಶಗಳ ಶಾಲೆಗಳಿಗೆ ಹೊಸ ಪುಸ್ತಕ ಕಳಿಸುವ ಹೊರದೇಶದವರು ಇದ್ದಾರಂತೆ, ಹಂಚುವ ಹೊಣೆಯನ್ನು ಊರಿನ ಸಂಘವೊಂದು ಹೊತ್ತರೆ ಸಾಕಂತೆ ಎಂದು ಮೈಸೂರಿನ ಗೆಳೆಯರು ಹೇಳಿದಾಗ ಹುಮ್ಮಸ್ಸಿನಿಂದ ಅರ್ಜಿ ಹಾಕಿದವನೂ ನಾನೇ. ಯಾರನ್ನು ಬೈಯಲಿ?

ಪುಸ್ತಕಗಳು ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ, ಅಲ್ಲಿಂದ ಬಸ್ಸಿನ ನೆತ್ತಿಯ ಮೇಲೆ ನಮ್ಮೂರಿಗೆ ಬಂದವು. ಎಲ್ಲ ಇಂಗ್ಲಿಷಿನವು, ಹೆಚ್ಚಿನವು ವಿಜ್ಞಾನದವು. ಬಣ್ಣದ ಚಿತ್ರ, ಬೆರಳು ಜಾರುವಷ್ಟು ನುಣುಪಾದ ಹಾಳೆ. ಅಂಥದ್ದನ್ನು ನಾವು ಯಾರೂ ಕಂಡಿರಲಿಲ್ಲ. ವರ್ತಕರು ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು, ತೆರೆಯದೆ ಹಾಗೇ ಕೆಳಗಿಟ್ಟರು. ಪೆಟ್ಟಿಗೆಗಳಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದ್ದಾಯಿತು. ಆಮೇಲೆ ನಾನು ಕೂತು ಪ್ರತಿ ಕಟ್ಟಿಗೂ ಒಂದೊಂದು ಚೀಟಿ ಬರೆದು ಅಂಟಿಸಿದೆ. ಇವು ದೂರದೇಶದವರ ಉಡುಗೊರೆ, ಗೀಚಬಾರದು, ಹಾಳೆ ಮಡಿಸಬಾರದು, ಕೊಳಕು ಕೈಯಲ್ಲಿ ಮುಟ್ಟಬಾರದು. ಕಳಿಸಿದವರ ಕಡೆಯವರು ವರ್ಷದೊಳಗೆ ನೋಡಲು ಬರುತ್ತಾರೆ, ಅವರಿಗೆ ಒಪ್ಪಿಗೆಯಾದರೆ ಮಾತ್ರ ಮುಂದಿನ ಪುಸ್ತಕಗಳು ಬರುತ್ತವೆ. ಆ ಚೀಟಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಹಂಚುವ ಕೆಲಸ ನನ್ನನ್ನು ಹಿಂಡಿ ಹಾಕಿತು. ಬೆಟ್ಟದಪುರಕ್ಕೆ ಹೋದರೆ ಬಸ್ಸು ಕೆಟ್ಟಿರುತ್ತಿತ್ತು, ಪಿರಿಯಾಪಟ್ಟಣಕ್ಕೆ ಹೋದರೆ ಹೆಡ್‌ಮೇಷ್ಟ್ರು ರಜದಲ್ಲಿರುತ್ತಿದ್ದರು. ಹೆಗ್ಗಡದೇವನಕೋಟೆಯ ಕಡೆ ಬಸ್ಸಿಳಿದ ಮೇಲೆ ಎತ್ತಿನ ಗಾಡಿ, ಗಾಡಿ ಇಳಿದ ಮೇಲೆ ಕಾಲು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರವಾಗುತ್ತಿತ್ತು.

ಕೊನೆಯ ಕಟ್ಟು ತಲುಪಿದ್ದು ಹಂಪಾಪುರದಿಂದಾಚೆಗಿನ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ. ಅಲ್ಲಿನ ಮೇಷ್ಟ್ರು ನನಗಿಂತ ಹತ್ತು ವರ್ಷ ದೊಡ್ಡವರು, ತೆಳ್ಳಗಿನ ಮನುಷ್ಯ, ಇಂಗ್ಲಿಷು ಅಷ್ಟಕ್ಕಷ್ಟೆ. ನಾಲ್ಕು ತಿಂಗಳ ಮೇಲೆ ಆ ಕಡೆ ಹೋದಾಗ ನೋಡುತ್ತೇನೆ, ವಿಜ್ಞಾನದ ಮೊದಲನೇ ಭಾಗದ ಪ್ರತಿಗಳ ಅಂಚಿನ ತುಂಬ ಪೆನ್ಸಿಲಿನಲ್ಲಿ ಕನ್ನಡ! ನಿಘಂಟು ಇಟ್ಟುಕೊಂಡು ಅವರು ಸಾಲುಸಾಲಿಗೂ ಅರ್ಥ ಬರೆದಿದ್ದರು. ಮಕ್ಕಳು ಸರದಿಯ ಮೇಲೆ ಮನೆಗೂ ಒಯ್ಯುತ್ತಿದ್ದರು. ಒಂದರ ಮೇಲೆ ಮುದ್ದೆ ಹಿಟ್ಟು ಅಂಟಿತ್ತು, ಇನ್ನೊಂದರ ರಟ್ಟು ಕಿತ್ತಿತ್ತು.

ನಾನು ರೇಗಿದೆ. ಮಕ್ಕಳ ಎದುರಿಗೇ ರೇಗಿದೆ. ಚೀಟಿ ಓದಲಿಲ್ಲವೇ, ನೋಡಲು ಬರುವವರು ಇದನ್ನು ಕಂಡರೆ ಇಡೀ ಜಿಲ್ಲೆಗೆ ಕಲ್ಲು ಬೀಳುತ್ತದೆ, ಇವನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡಿ ಎಂದೆ. ಬೈಸಿಕೊಂಡದ್ದೆಲ್ಲ ಮುಗಿದ ಮೇಲೆ ಮೇಷ್ಟ್ರು ಒಂದೇ ಮಾತು ಕೇಳಿದರು.

"ಎರಡನೇ ಭಾಗ ಬತ್ತದಲ್ವಾ ಸ್ವಾಮಿ? ಕರೆಂಟು ಎಂಗೆ ಉಟ್ತದೆ ಅನ್ನೋದು ಅದ್ರಲ್ಲಿ ಐತಂತೆ. ಮಕ್ಕಳು ದಿನಾ ಕೇಳ್ತವೆ."

ಆ ಊರಿಗೆ ಇನ್ನೂ ದೀಪದ ಕಂಬ ಬಂದಿರಲಿಲ್ಲ. ಮೇಷ್ಟ್ರು ತೆರೆದು ತೋರಿಸಿದ ಮೊದಲನೇ ಭಾಗದ ಕೊನೆಯ ಹಾಳೆಯಲ್ಲಿ ತಂತಿ ಕಂಬಗಳ ಚಿತ್ರ ಕೊಟ್ಟು, ಉಳಿದದ್ದು ಮುಂದಿನ ಭಾಗದಲ್ಲಿ ಎಂದು ಅಚ್ಚಾಗಿತ್ತು. ನೋಡಲು ಬರುವವರಿಗೆ ಎಲ್ಲ ಒಪ್ಪಿಗೆಯಾದರೆ ಬರುತ್ತದೆ ಎಂದು ಹೇಳಿ ಎದ್ದು ಬಂದೆ.

ವರ್ಷ ತುಂಬುವ ಮೊದಲೇ ನೋಡುವವರು ಬಂದರು. ಕೆಂಪು ಮುಖದ, ಮೆದು ಮಾತಿನ ವಯಸ್ಸಾದ ದೊರೆ. ದುಭಾಷಿಯಾಗಿ ಜೊತೆಗೆ ನಾನು. ಮೊದಲು ಕೆ.ಆರ್. ನಗರದ ಕಡೆಯ ಒಂದು ಶಾಲೆಗೆ ಹೋದೆವು. ಗಾಜಿನ ಬೀರು, ಒಳಗೆ ಕಂದು ಕಾಗದದ ಹೊದಿಕೆ ಹಾಕಿಸಿಕೊಂಡು ಸಾಲಾಗಿ ನಿಂತ ಪುಸ್ತಕಗಳು, ಬೀರುವಿನ ನೆತ್ತಿಗೆ ಹೂವು. ಬೀಗದ ಕೈ ಹೆಡ್‌ಮೇಷ್ಟ್ರ ಸೊಂಟದಲ್ಲಿತ್ತು. ಒಂದು ಹಾಳೆಯೂ ಮಡಿಸಿಲ್ಲವೆಂದು ಅವರು ಎದೆಯುಬ್ಬಿಸಿ ಹೇಳಿದರು, ನಾನು ಅಷ್ಟೇ ಎದೆಯುಬ್ಬಿಸಿ ಇಂಗ್ಲಿಷಿಗೆ ತಂದೆ. ದೊರೆ ಒಂದನ್ನು ತೆರೆದರು. ಹೊಸ ಹೊಲಿಗೆ ಚಟಚಟ ಎಂದಿತು. ಅವರು ನಕ್ಕು, ಮುಚ್ಚಿ ಇಟ್ಟರು. ನಾಲ್ಕು ಕಡೆ ಹೀಗೇ ಆಯಿತು. ನಮ್ಮವರ ಅಚ್ಚುಕಟ್ಟು ಕಂಡು ಬೆರಗಾಗಿದ್ದಾರೆ ಎಂದೇ ನಾನು ತಿಳಿದೆ.

ಕೊನೆಗೆ ಹಂಪಾಪುರದಾಚೆಯ ಆ ಹಳ್ಳಿ. ಮೇಷ್ಟ್ರು ಮೇಜಿನ ಮೇಲೆ ಐದಾರು ದಪ್ಪ ಪುಸ್ತಕಗಳನ್ನಷ್ಟೇ ಇಟ್ಟಿದ್ದರು. ಮಕ್ಕಳಿಗೆ ನಿಲುಕದವು, ಹಾಗಾಗಿ ಹೊಚ್ಚಹೊಸವು. ಉಳಿದವನ್ನು ಜೋಪಾನವಾಗಿ ಒಳಗಿಟ್ಟಿದ್ದೇನೆ ಎಂದು ಹೇಳಿ ನನ್ನ ಮುಖ ನೋಡಿದರು. ದೊರೆ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಈ ಪುಸ್ತಕಗಳಲ್ಲಿ ನಿಮಗೆ ಯಾವುದು ಇಷ್ಟ ಎಂದು ಮಕ್ಕಳನ್ನು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಮಕ್ಕಳು ಮೇಷ್ಟ್ರ ಕಡೆ ತಿರುಗಿದರು. ಆಮೇಲೆ ಕಲಿಸಿಕೊಟ್ಟದ್ದನ್ನು ಒಟ್ಟಿಗೇ ಒಪ್ಪಿಸಿದರು.

"ನಾವು ಮುಟ್ಟೇ ಇಲ್ಲ ಸಾ."

ನಾನು ಅದನ್ನೂ ಇಂಗ್ಲಿಷಿಗೆ ತಂದೆ. ಸದ್ಯ, ಬಚಾವಾದೆವು ಅನ್ನಿಸಿತು ನನಗೆ.

ಎರಡು ತಿಂಗಳ ಮೇಲೆ ಕಾಗದ ಬಂತು. ಬಹಳ ಮರ್ಯಾದೆಯ ಕಾಗದ. ಪುಸ್ತಕಗಳನ್ನು ಕಾಪಾಡಿದ ರೀತಿಗೆ ಧನ್ಯವಾದ. ಆದರೆ ಅವನ್ನು ಮಕ್ಕಳು ಓದುತ್ತಿರುವ ಗುರುತು ಎಲ್ಲಿಯೂ ಕಾಣಲಿಲ್ಲ. ಆದ್ದರಿಂದ ಮುಂದಿನ ಪೆಟ್ಟಿಗೆಗಳನ್ನು ಓದುವ ಮಕ್ಕಳಿರುವ ಬೇರೆ ದೇಶಕ್ಕೆ ಕಳಿಸಲು ತೀರ್ಮಾನಿಸಲಾಗಿದೆ. ನಾನು ಕಾಗದವನ್ನು ವರ್ತಕರಿಗೆ ಓದಿ ಹೇಳಿದೆ. ದೇವರ ಹಾಗೆ ಇಟ್ಟುಕೊಂಡಿದ್ದೆವಲ್ಲ ಎಂದು ಅವರು ನಿಜವಾಗಿಯೂ ನೊಂದುಕೊಂಡರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲ್ಲಿ ನಿಜವಾಗಿ ಓದಿದ್ದರೋ ಆ ಒಂದೇ ಶಾಲೆಯ ಬಾಯಿ ಮುಚ್ಚಿಸಿದವನು ನಾನು. ಇದ್ದದ್ದನ್ನು ಇದ್ದ ಹಾಗೆ ವಿವರಿಸಿ ಮರುಪತ್ರ ಹಾಕಿದೆ. ಪುಸ್ತಕಗಳು ಆಗಲೇ ಬೇರೆಡೆಗೆ ಹೊರಟಿವೆ, ವಿಷಾದವಿದೆ ಎಂದು ಎರಡು ಸಾಲಿನ ಉತ್ತರ ಬಂತು.

ಸುದ್ದಿಯನ್ನು ಕಾಗದದಲ್ಲಿ ತಿಳಿಸಲು ಮನಸ್ಸಾಗದೆ ಮತ್ತೆ ಆ ಹಳ್ಳಿಗೆ ಹೋದೆ. ಶನಿವಾರ, ಬೆಳಗಿನ ಶಾಲೆ ಬಿಟ್ಟಿತ್ತು. ಮೇಷ್ಟ್ರು ಮನೆಯ ಅಟ್ಟದಿಂದ ಗೋಣಿಚೀಲ ಇಳಿಸಿ ಮುಚ್ಚಿಟ್ಟಿದ್ದ ಪುಸ್ತಕಗಳನ್ನು ಹೊರಗೆ ತೆಗೆಯುತ್ತಿದ್ದರು. ನೋಡುವವರು ಬಂದು ಹೋಗಿ ತಿಂಗಳುಗಳೇ ಆದವಲ್ಲ, ಇನ್ನು ಭಯವಿಲ್ಲ ಎಂದು ಅವರ ಲೆಕ್ಕ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಗೋಣಿಚೀಲವನ್ನು ಮಡಿಸುತ್ತ ಕೇಳಿಸಿಕೊಂಡರು.

"ಓಗ್ಲಿ ಬುಡಿ ಸ್ವಾಮಿ," ಎಂದರು. "ಸುಳ್ಳು ಏಳೋದು ನಾನೇ ಕಲಿಸ್ಕೊಟ್ಟಂಗಾಯ್ತು ಮಕ್ಕಳಿಗೆ, ಅದೊಂದು ಬ್ಯಾಸ್ರ."

ಆಮೇಲೆ ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ಸಿಲು ತಂದು ನನ್ನೆದುರು ಚಾಪೆಯ ಮೇಲೆ ಕೂತರು. ಅವರ ಮುಖದಲ್ಲಿ ಬೇಸರವೇನೂ ಉಳಿದಿರಲಿಲ್ಲ.

"ನೀವು ಇಂಗ್ಲಿಷು ಚೆನ್ನಾಗಿ ಬಲ್ಲೋರು, ಅಷ್ಟು ಪುಸ್ತಕ ಅಂಚಿದೋರು. ಕರೆಂಟು ಎಂಗೆ ಉಟ್ತದೆ ಅಂತ ನೀವೇ ಏಳಿ, ನಾನು ಬರ್ಕತೀನಿ. ಸೋಮವಾರ ಮಕ್ಕಳಿಗೆ ಏಳ್ಬೇಕು."

ಮೂರು ತಾಲ್ಲೂಕಿಗೆ ಆ ಪುಸ್ತಕಗಳನ್ನು ಹೊತ್ತ ನಾನು ಮೊದಲನೇ ಭಾಗವನ್ನೂ ಓದಿರಲಿಲ್ಲ.