ಕುತ್ತಿಗೆ ಮುಚ್ಚುವ ನೂಲಿನ ಟಾಪು

ಕೊಟ್ಟೂರಿನ ಅಂಜಿನಕ್ಕ ಹೆಣಿಗೆ ಕಲಿತಿದ್ದು ಯಾವ ಸಾಲೆಯಲ್ಲೂ ಅಲ್ಲ. ಹಿಂದೊಮ್ಮೆ ಪಕ್ಕದಲ್ಲಿ ಬಾಡಿಗೆಗಿದ್ದ ಪೋಸ್ಟ್ ಮಾಸ್ಟರ ಹೆಂಡತಿ ಉಣ್ಣೆಯ ಸ್ವೆಟರ್ ಹೆಣೆಯುವುದನ್ನು ನೋಡಿ ನೋಡಿ ಕಲಿತಳು. ಎರಡು ಕುಣಿಕೆ ಕೂಡಿಸು, ಒಂದು ಸುತ್ತು ಹಾಕು, ತೂತು ಬೀಳುತ್ತದೆ. ತೂತುಗಳು ಸೇರಿ ಎಲೆ ಆಗುತ್ತದೆ. ಲೆಕ್ಕವೆಲ್ಲ ಬಾಯಲ್ಲೇ. ನಮ್ಮ ಬಿಸಿಲಿಗೆ ಉಣ್ಣೆ ಯಾರಿಗೆ ಬೇಕು? ಹದಿನೈದು ವರ್ಷ ಆ ಎಲೆ ಕೂಸುಗಳ ಕುಲಾವಿಯ ಮೇಲೇ ಉಳಿಯಿತು.

ತೊಂಬತ್ತೇಳರಲ್ಲಿ ಅವಳ ಅಣ್ಣನ ಮಗಳು ಅರ್ಚನಾಗೆ ಹಡಗಲಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಹುಡುಗಿ ಹೋಗಲಾರೆ ಅಂತ ಕೂತಳು. ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಕುತ್ತಿಗೆಯ ಕೆಳಗೆ ಅಂಗೈ ಅಗಲ ಕಲೆ ಆಗಿತ್ತು. ಮುಚ್ಚಿದರೆ ಬೆವರಿಗೆ ಉರಿ, ಮುಚ್ಚದಿದ್ದರೆ ಜನ ನೋಡೋರು. ನಮ್ಮ ಜನಕ್ಕೆ ನೋಡುವುದನ್ನು ಹೇಳಿಕೊಡಬೇಕೇ?

"ಗಾಳಿ ಆಡಂಥದ್ದು, ಕುತ್ತಿಗಿ ಮುಚ್ಚಂಥದ್ದು ನಾ ಹೆಣೀತೀನಿ. ಹೋಗ್ತೀಯೋ ಇಲ್ಲೋ?" ಅಂದಳು ಅಂಜಿನಕ್ಕ.

"ಹಾಕ್ಕೊಂಡು ನೋಡಿ ಹೇಳ್ತೀನತ್ತಿ."

ನೇಕಾರರ ಮನೆಯಲ್ಲಿ ಮಗ್ಗಕ್ಕೆಂದು ಗಂಜಿ ಹಾಕಿದ ಹತ್ತಿ ನೂಲು ಉಳಿದಿತ್ತು. ಅದನ್ನೇ ತಂದು, ನಾಲ್ಕೆಳೆ ಕೂಡಿಸಿ, ಒಂದು ಗೇಣು ಹೆಣೆದು ಅಳೆದಳು. ತೊಳೆದು ಅಳೆಯಬೇಕಿತ್ತು. ಉಣ್ಣೆಗೆ ಆ ಚಿಂತೆ ಇರಲಿಲ್ಲ, ಎಳೆದರೂ ಮತ್ತೆ ಕೂಡಿಕೊಳ್ಳುತ್ತಿತ್ತು.

ಕ್ಲಾಸು ಶುರುವಾಗಲು ಮೂರು ದಿನ ಇದ್ದಾಗ ಟಾಪು ಮುಗಿಯಿತು. ತೊಳೆದು ತಂತಿಗೆ ಹಾಕಿದಳು. ಗಂಜಿ ಹೋಯಿತು, ತೂತು ಬಾಯಿ ಬಿಟ್ಟವು, ಅಂಗಿ ತನ್ನ ಭಾರಕ್ಕೆ ತಾನೇ ಜೋತು ಮೊಳಕಾಲಿಗೆ ಬಂತು. ಕುತ್ತಿಗೆ ನಾಲ್ಕು ಬೆರಳು ಕೆಳಗೆ. ಅರ್ಚನಾ ಕನ್ನಡಿ ನೋಡಿದಳು. ಕಲೆ ಪೂರಾ ಹೊರಗೆ. ಬಿಚ್ಚಿಟ್ಟಳು.

"ನಾ ಹೋಗಂಗಿಲ್ಲ ಬಿಡತ್ತಿ."

ಪಕ್ಕದ ಮನೆಯ ಎರ್ರೆಮ್ಮ ಇಣುಕಿದಳು. "ಟಾಪ್ ಹೆಣೀತೀನಿ ಅಂದು ನೈಟಿ ಹೆಣದೀಯಲ್ಲ ಯವ್ವಾ!"

"ತಾಳು, ನಿನ್ನ ಬಾಯಿಗೂ ಒಂದು ಹೆಣೀತೀನಿ. ತೂತಿಲ್ಲದ್ದು."

ಅಂಜಿನಕ್ಕ ಬೈದಿದ್ದು ಬೈದಳು, ಕೈ ಕಟ್ಟಿ ಕೂಡಲಿಲ್ಲ. ಅಳತೆಗೆ ಹೆಣೆದ ತುಂಡನ್ನು ನೆನೆಸಿ, ತುದಿಗೆ ಬಾಗಿಲ ಬೀಗ ಕಟ್ಟಿ ತೂಗುಬಿಟ್ಟಳು. ಒಣಗುವಷ್ಟರಲ್ಲಿ ಗೇಣಿಗೆ ಎರಡು ಬೆರಳು ಬೆಳೆದಿತ್ತು. ಹೊಸ ಲೆಕ್ಕ ಅದರ ಮೇಲೆ. ಪೂರಾ ಬಿಚ್ಚಿದರೆ ಎರಡು ದಿನಕ್ಕೆ ಮುಗಿಯದು. ಕೆಳಗಿನಿಂದ ಮೇಲಕ್ಕೆ ಹೆಣೆದಿದ್ದು ಪುಣ್ಯ. ಬಗಲಿನ ಕೆಳಗೆ ಒಂದು ಗೇಣಿನವರೆಗೆ ಮಾತ್ರ ಬಿಚ್ಚಿದಳು. ಅಲ್ಲಿ ಒಂದು ಸಾಲು ಎಲೆ ಅರ್ಧಕ್ಕೇ ನಿಂತವು. ಅಷ್ಟು ವರ್ಷ ಕೆಡದಂತೆ ಕಾಪಾಡಿದ ಎಲೆ. ಆದರೂ ಅಲ್ಲಿಂದ ಮೇಲೆ ಎಲೆಯನ್ನು ಕೈಬಿಟ್ಟಳು. ದಪ್ಪ ಕಡ್ಡಿ ಬಿಸಾಕಿ, ತುದಿ ಉಜ್ಜಿದ ಸೈಕಲ್ ಕಡ್ಡಿ ಹಿಡಿದು ಬಿಗಿಯಾಗಿ ಹೆಣೆದಳು. ತೂತು ಸಾಸಿವೆಯಷ್ಟು, ಗಾಳಿಗೆ ಸಾಕು, ಕಣ್ಣಿಗೆ ಸಾಲದು. ಜಗ್ಗದಿರಲಿ ಅಂತ ಹೆಗಲಿಗೂ ಕುತ್ತಿಗೆಗೂ ಒಳಗಿನಿಂದ ಲಾಡಿ ಕೂಡಿಸಿ ಹೊಲಿದಳು.

ಈ ಸಲ ತೊಳೆದು, ಒಣಗಿಸಿ, ಆಮೇಲೆ ಕೊಟ್ಟಳು.

ಅರ್ಚನಾ ಹಾಕಿಕೊಂಡು ಕೈ ಎತ್ತಿದಳು, ಬಗ್ಗಿದಳು, ಎರಡು ಸಲ ಕುಣಿದಳು. ಕುತ್ತಿಗೆ ಕದಲಲಿಲ್ಲ. ಹಾಗೇ ಹೊರಗೆ ಹೋಗಿ ಬಿಸಿಲಲ್ಲಿ ನಿಂತಳು. ಮೈ ಬೆವರುವ ತನಕ ನಿಂತು ಒಳಗೆ ಬಂದಳು.

"ಉರಿವಲ್ದು," ಅಂದಳು. "ಅತ್ತಿ, ಹಡಗಲಿ ಬಸ್ಸು ಎಷ್ಟೊತ್ತಿಗೈತಿ?"