ಬ್ರೆಡ್ ಕಾಯಿಸುವಾಗ ಬಂದ ಫೋನ್

ಶಿಕಾರಿಪುರದ ನಮ್ಮ ಮನೆಯಲ್ಲಿ ರಾತ್ರಿಯೂಟಕ್ಕೆಂದು ಸೌತೆಕಾಯಿ, ಟೊಮೆಟೊ, ಆಲೂಗಡ್ಡೆ ಇಟ್ಟ ಸ್ಯಾಂಡ್‌ವಿಚ್ಚನ್ನು ಕಾವಲಿ ಮೇಲೆ ಒತ್ತಿ ಕೆಂಪಗೆ ಬೇಯಿಸುತ್ತಿದ್ದೆ. ಆಗ ತವರೂರು ಹೊಸಬಾಳೆಯಿಂದ ತಮ್ಮನ ಫೋನ್ ಬಂತು. ಎಂಟು ದಿನದಿಂದ ಜ್ವರದಲ್ಲಿ ಮಾತೇ ಆಡದೆ ಮಲಗಿದ್ದ ಅಮ್ಮ ಎದ್ದು ಕೂತು ಗಂಜಿ ಕುಡಿದಳಂತೆ. ಫೋನನ್ನು ಅವಳ ಕೈಗೇ ಕೊಟ್ಟ.

"ಏನ್ ಮಾಡ್ತಿದೀಯೇ?"

"ರಾತ್ರಿಗೆ ಬ್ರೆಡ್ ಕಾಯಿಸ್ತಿದೀನಮ್ಮ."

"ಅಯ್ಯೋ, ಯಾರಿಗೇ ಜ್ವರ? ನನ್ನತ್ರ ಮುಚ್ಚಿಡಬೇಡ!"

ನಗು, ಅಳು ಒಟ್ಟಿಗೇ ಬಂತು. ನಾವು ಚಿಕ್ಕವರಿದ್ದಾಗ ಮನೆಗೆ ಬ್ರೆಡ್ ಬರುತ್ತಿದ್ದದ್ದೇ ಯಾರಿಗಾದರೂ ಜ್ವರ ಬಂದಾಗ. ಅಮ್ಮ ಬಿಸಿ ಹಾಲಲ್ಲಿ ಅದ್ದಿ ತಿನ್ನಿಸುತ್ತಿದ್ದಳು. ಆ ಆಸೆಗೆ ನಾನು ಸುಳ್ಳು ಸುಳ್ಳೇ ಕಂಬಳಿ ಹೊದ್ದು ಮಲಗಿದ್ದೂ ಉಂಟು.

ತಾನೇ ಸತ್ತು ಬದುಕಿದವಳು ಗಾಬರಿಯಾಗಿ ಕೇಳಿದ್ದು ನಮ್ಮ ಜ್ವರವನ್ನು. ಅವಳನ್ನು ಉಳಿಸಿಕೊಟ್ಟ ದೇವರಿಗೆ ನಿಂತಲ್ಲೇ ಕೈಮುಗಿದು, ಕಾವಲಿ ಇಳಿಸಿ, ಬೆಳಗಿನ ದೋಸೆಗೆ ಅಕ್ಕಿ ರುಬ್ಬಲು ಹೋದೆ.