ಚಾಂದಿಬಾಯಿಯ ಉಡಿಗೆ ಬಿದ್ದ ಹತ್ತಿ

ಗೋವಾದ ದಾಬೋಲಿಮ್‌ನಲ್ಲಿ ವರ್ಷಗಟ್ಟಲೆ ರಸ್ತೆಗೆ ಹಾಕುವ ಖಡಿಕಲ್ಲು ಹೊತ್ತರೂ ಫಕೀರವ್ವನಿಗೆ ಆ ಕೆಲಸ ಮೈಗೆ ಹತ್ತಲಿಲ್ಲ. ನವಲಗುಂದದ ಕಡೆಯ ಹೆಣ್ಣು, ಹತ್ತಿ ಬಿಡಿಸುತ್ತಲೇ ಬೆಳೆದವಳು. ಎಂಬತ್ತೆಂಟರ ಬೇಸಿಗೆಯಲ್ಲಿ, ಕಾಣಕೋಣದ ಭತ್ತದ ಗದ್ದೆಗಳಲ್ಲಿ ಯಾವುದೋ ಬೀಜದ ಕಂಪನಿ ಹತ್ತಿ ಹಾಕಿದೆ, ಬಿಡಿಸುವವರು ಬೇಕಂತೆ ಎಂದು ಕೇಳಿದ್ದೇ ತಡ, ಬುಟ್ಟಿ ಬಿಸಾಕಿ ಹೊರಟುಬಿಟ್ಟಳು. ಪಕ್ಕದ ಗುಡಿಸಲಿನ ಚಾಂದಿಬಾಯಿಯನ್ನೂ ಎಳೆದುಕೊಂಡು ಹೋದಳು. ಪಾಪ, ಆಕೆ ಕಲಂಗುಟ್‌ನಲ್ಲಿ ಪ್ರವಾಸಿಗರಿಗೆ ಮಣಿಸರ ಮಾರಿ ಸೋತವಳು, ಹತ್ತಿ ಗಿಡ ಮುಟ್ಟಿದವಳಲ್ಲ.

ಹೊಲದಲ್ಲಿ ಎರಡು ತಳಿ ಹಾಕಿ, ಗುರುತಿಗೆ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ಬಾವುಟ ನೆಟ್ಟಿದ್ದರು. ಮಳೆಗೆ ಮುಂಚೆ ಕಾಯೊಡೆದು ಹೆಚ್ಚು ಹತ್ತಿ ಕೊಡುವುದನ್ನೇ ಮರುವರ್ಷ ಎಲ್ಲ ಕಡೆ ಬಿತ್ತುವುದಿತ್ತು. "ಇಲ್ಲಿ ಹತ್ತಿ ನೆಲಿ ನಿಂತ್ರ ನಿಮಗ ವರ್ಷಾ ಕೆಲಸ ಐತಿ," ಎಂದಿದ್ದರು ಕಂಪನಿಯ ಸಾಹೇಬರು. ಆ ಒಂದು ಮಾತಿಗೆ ಫಕೀರವ್ವ ಜೀವ ಕಟ್ಟಿಕೊಂಡಳು.

ಮೊದಲ ಸಲ ಬಿಡಿಸುವ ದಿನ ಕೆಂಪು ಬಾವುಟದ ತಳಿ ಅವಳ ಪಾಲಿಗೆ ಬಂತು, ಬಿಳಿ ಬಾವುಟದ್ದು ಚಾಂದಿಬಾಯಿಗೆ. ಮಧ್ಯಾಹ್ನಕ್ಕೆ ಫಕೀರವ್ವನ ಉಡಿ ತುಂಬಿ ಚೆಲ್ಲುತ್ತಿತ್ತು. ಬಿಳಿ ಬಾವುಟದ ಕಾಯಿ ದಪ್ಪಗಿದ್ದವು, ಆದರೆ ಹೆಚ್ಚಿನವು ಇನ್ನೂ ಒಡೆದಿರಲಿಲ್ಲ.

"ನಾಳಿ ಬರಬ್ಯಾಡಂತಾರೇನಕ್ಕಾ?" ಎಂದು ಚಾಂದಿಬಾಯಿ ಕಣ್ಣು ತುಂಬಿಕೊಂಡಳು.

ಉಡಿ ತುಂಬಿದವಳು ಕಡಿಮೆಯಾದವಳಿಗೆ ನಾಲ್ಕು ಹಿಡಿ ಹಾಕಬೇಕು, ಇಲ್ಲದಿದ್ದರೆ ಅವಳನ್ನು ನಾಳೆ ಯಾರೂ ಕರೆಯುವುದಿಲ್ಲ. ಹತ್ತಿ ಹೊಲದ ಹೆಂಗಸರ ರೂಢಿಯದು. "ಸುಮ್ನಿರು," ಎಂದು ಫಕೀರವ್ವ ಬೊಗಸೆ ಬೊಗಸೆ ಮೊಗೆದು ಹಾಕಿದಳು. ಸಾಹೇಬರು ತೂಗುತ್ತಿದ್ದುದು ಕೂಲಿಯವರ ದುಡಿಮೆಯನ್ನಲ್ಲ, ತಳಿಯನ್ನು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ತಕ್ಕಡಿಯಲ್ಲಿ ಎರಡೂ ಸರಿಸಮ ಬಂದವು. ಮುಂದೆ ಮಳೆಗೆ ತುಸು ಮುಂಚೆ ದಪ್ಪ ಕಾಯಿ ಒಡೆದಾಗ ಬಿಳಿ ಬಾವುಟದ್ದೇ ಮೇಲಾಯಿತು. ಬೇಗನೂ ಬರುತ್ತದೆ, ಹೆಚ್ಚೂ ಬರುತ್ತದೆ ಎಂದು ಸಾಹೇಬರು ಮರುವರ್ಷ ಎಲ್ಲ ಗದ್ದೆಗೂ ಅದನ್ನೇ ಬಿತ್ತಿಸಿದರು.

ಎಲ್ಲ ಗದ್ದೆಗೂ ಬಿತ್ತುವಷ್ಟರಲ್ಲಿ ಎಂಟು ಹತ್ತು ದಿನ ತಡವಾಗಿತ್ತು, ಮೇ ಮುಗಿಯುತ್ತ ಬಂದರೂ ಕಾಯಿ ಬಾಯಿ ಬಿಡಲಿಲ್ಲ. ಮಳೆ ಬಂತು, ಬಿಡದೆ ಹೊಡೆಯಿತು. ಕಾಯೆಲ್ಲ ಗಿಡದಲ್ಲೇ ಕಪ್ಪಾಗಿ ಕೊಳೆತವು.

"ಹೋದ ವರ್ಷ ಮೊದಲ ಸಲಕ್ಕೇ ಸಮ ಬಂದಿತ್ತಲ್ಲ," ಎಂದು ಸಾಹೇಬರು ತಲೆಯ ಮೇಲೆ ಕೈ ಹೊತ್ತಾಗಲೇ ಫಕೀರವ್ವನಿಗೆ ತಾನು ಮೊಗೆದು ಹಾಕಿದ ಬೊಗಸೆಗಳು ನೆನಪಾದವು. ಇದ್ದದ್ದು ಇದ್ದಂತೆ ಹೇಳಿದಳು. ಅವರು ಬೈಯಲೂ ಇಲ್ಲ.

"ಈಗ ಹೇಳಿ ಏನ್ ಮಾಡೋದವ್ವಾ. ಕಂಪನಿಯವರು ಇನ್ನ ಈ ಕಡೆ ಬರಂಗಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇವಳು ಮಾಡಿದ್ದು ಒಳ್ಳೆಯದನ್ನೇ, ಉಂಡದ್ದು ಮಾತ್ರ ವಿಷ. ಮತ್ತೆ ದಾಬೋಲಿಮ್, ಮತ್ತೆ ಖಡಿ. ಒಂದು ಮಧ್ಯಾಹ್ನ ಬುಟ್ಟಿ ಎತ್ತಲಾರದೆ ಕುಸಿದು ಕುಳಿತಳು. ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಆಚೆ ತಿರುಗಿದ್ದನ್ನು ನೋಡಿ ಚಾಂದಿಬಾಯಿ ಓಡಿ ಬಂದು, ಅವಳ ಖಡಿಯನ್ನು ಬೊಗಸೆಯಲ್ಲಿ ತನ್ನ ಬುಟ್ಟಿಗೆ ಸುರಿದುಕೊಳ್ಳತೊಡಗಿದಳು.

"ನೀನ ಕಲಿಸಿದ್ದಲ್ಲಕ್ಕಾ," ಎಂದು ನಕ್ಕಳು.

"ಬ್ಯಾಡ ಚಾಂದಿ, ಬ್ಯಾಡ," ಎಂದು ಫಕೀರವ್ವ ಅವಳ ಕೈ ಹಿಡಿದು ಹೋ ಎಂದು ಅತ್ತಳು. ಸೊಂಟ ಭಾಳ ನೋಯುತ್ತಿರಬೇಕು ಎಂದುಕೊಂಡು ಚಾಂದಿಬಾಯಿ ಇನ್ನೊಂದು ಬೊಗಸೆ ತೆಗೆದುಕೊಂಡಳು.